ಮುದ್ರಿಸಿಟ್ಟ ಆರತಿ

ಕೇಬಲ್ ತೆಗೆಸಿ ಡಿಶ್ ಹಾಕಿಸುವ ಮನೆಯಲ್ಲಿ ಲೆಕ್ಕ ಶುರುವಾಗುವುದು ದುಡ್ಡಿನಿಂದ. ತಿಂಗಳ ರಿಚಾರ್ಜ್ ಎಷ್ಟು, ಯಾವ ಪ್ಯಾಕಿನಲ್ಲಿ ಎಷ್ಟು ಕನ್ನಡ ಚಾನೆಲ್, ಮಳೆ ಬಂದರೆ ಚಿತ್ರ ನಿಲ್ಲುತ್ತದೆಯೇ, ಬಾಕ್ಸಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿ ತಿಳಿದುಕೊಳ್ಳುತ್ತಾರೆ. ಸವದತ್ತಿ ತಾಲ್ಲೂಕಿನ ಸಿರಸಂಗಿಯಂಥ ಊರಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಬಾಬು ಕೂಡುತ್ತದೆ. ಕಾಳಮ್ಮನ ಗುಡಿಯಿರುವ ಊರು ಇದು. ವಿಶ್ವಕರ್ಮರಿಗೆ ಕುಲದೇವತೆಯ ಕ್ಷೇತ್ರ, ಸುತ್ತಣ ರೈತರಿಗೆ ಯುಗಾದಿಯ ಜಾತ್ರೆ. ಮನೆಯಲ್ಲಿ ಟಿ.ವಿ. ಮುಂದೆ ಹೆಚ್ಚು ಹೊತ್ತು ಕೂರುವವರು ವಯಸ್ಸಾದವರು, ಅವರು ಹೆಚ್ಚಾಗಿ ನೋಡುವುದು ದೇವರ ಕಾರ್ಯಕ್ರಮ. ಹೀಗಾಗಿ ಪೆಟ್ಟಿಗೆಯ ಆಯ್ಕೆಯೊಳಗೆ ಧರ್ಮಶಾಸ್ತ್ರದ ಎರಡು ಪ್ರಶ್ನೆಗಳು ತಾವಾಗಿ ಬಂದು ಕೂರುತ್ತವೆ. ಪರದೆಯ ಮೇಲೆ ಬೆಳಗುವ ಆರತಿಯನ್ನು ಕಂಡರೆ ದರ್ಶನವಾಯಿತೇ? ಅದನ್ನೇ ಮುದ್ರಿಸಿಟ್ಟು ಬಿಡುವಾದಾಗ ಕಂಡರೆ? ಮೊದಲನೆಯದು ಉಪಗ್ರಹ ಎಬ್ಬಿಸಿದ ಪ್ರಶ್ನೆ, ಎರಡನೆಯದು ರೆಕಾರ್ಡರ್ ಎಬ್ಬಿಸಿದ್ದು. ಎರಡನ್ನೂ ಒಂದೇ ಎಂದುಕೊಂಡು ಒಂದೇ ಉತ್ತರ ಕೊಡುವುದರಿಂದ ಈ ಚರ್ಚೆ ಹಾದಿ ತಪ್ಪುತ್ತದೆ.

ಹಳ್ಳಿಗೂ ಉಪಗ್ರಹಕ್ಕೂ ಇರುವ ನಂಟು ಕೇಬಲ್ಲಿಗಿಂತ ಹಳೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹವೊಂದರ ಮೂಲಕ ದೇಶದ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಬಂತು. ಕರ್ನಾಟಕದಲ್ಲಿ ಅದು ಬಂದದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ. ಬೆಳಗಾವಿಯ ಮೂಡಣ ತಾಲ್ಲೂಕುಗಳು ಆ ಗೆರೆಯ ಸ್ವಲ್ಪ ಆಚೆ ಉಳಿದವು. ಕೃಷಿ, ಆರೋಗ್ಯ, ಶಾಲೆಯ ಪಾಠಗಳೇ ಆ ಪ್ರಸಾರದ ತಿರುಳು. ಪೆಟ್ಟಿಗೆಯೊಳಗೆ ದೇವರು ಬಂದದ್ದು ಮುಂದೆ. 1987ರ ಜನವರಿ 25ರಿಂದ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಶುರುವಾದಾಗ ದೇಶದ ಅನೇಕ ಮನೆಗಳಲ್ಲಿ ಜನ ಸ್ನಾನ ಮಾಡಿ ಕೂತರು, ಟಿ.ವಿ.ಗೆ ಹೂಮಾಲೆ ಹಾಕಿದರು, ಊದಿನಕಡ್ಡಿ ಹಚ್ಚಿದರು. ತಿಳಿದವರು ನಕ್ಕರು. ಆದರೆ ಆ ಜನ ಮಾಡಿದ್ದರಲ್ಲಿ ಒಂದು ತರ್ಕವಿತ್ತು. ಭಾನುವಾರದ ಆ ಹೊತ್ತು ತಪ್ಪಿದರೆ ಮತ್ತೆ ಸಿಗುವಂತಿರಲಿಲ್ಲ. ಹೊತ್ತಿಗೆ ಕಾಯಬೇಕಾಗಿದ್ದ ಆ ಕಾರ್ಯಕ್ರಮ, ಕಾಯಿಸುವ ಕಾರಣಕ್ಕೇ, ಪೂಜೆಯ ಸ್ವಭಾವವನ್ನು ಸ್ವಲ್ಪ ಪಡೆದಿತ್ತು. ಈ ಮಾತಿಗೆ ಮುಂದೆ ಮರಳಬೇಕಾಗುತ್ತದೆ.

1990ರ ದಶಕದಲ್ಲಿ ಕೇಬಲ್ ಹಬ್ಬಿತು, 1995ರಲ್ಲಿ ಅದಕ್ಕೊಂದು ಕಾಯ್ದೆ ಬಂತು. 2003ರಲ್ಲಿ ಡಿಶ್ ಟಿ.ವಿ., 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಸೇವೆ (ಇಂದಿನ ಫ್ರೀ ಡಿಶ್), 2006ರಲ್ಲಿ ಟಾಟಾ ಸ್ಕೈ, ಅದರ ಬೆನ್ನಿಗೆ ಸನ್ ಡೈರೆಕ್ಟ್, ಏರ್‌ಟೆಲ್ ಮುಂತಾದವು ಬಂದು ಮಾಳಿಗೆ ಮಾಳಿಗೆಗೂ ತಟ್ಟೆ ಕೂತಿತು. ಟಾಟಾ ಸ್ಕೈ 2008ರಲ್ಲಿ ರೆಕಾರ್ಡ್ ಮಾಡುವ ಬಾಕ್ಸನ್ನು ತಂದಿತು. ಓಡುವ ಚಿತ್ರವನ್ನು ತಡೆದು ನಿಲ್ಲಿಸುವುದು, ಹಿಂದಕ್ಕೆ ಓಡಿಸುವುದು, ಮನೆಯಲ್ಲಿ ಯಾರೂ ಇಲ್ಲದಾಗ ತಾನೇ ಮುದ್ರಿಸಿಕೊಳ್ಳುವುದು ಅದರ ಕೆಲಸ. 2017ರ ಮಾರ್ಚ್ 31ಕ್ಕೆ ಹಳ್ಳಿಗಳ ಕೇಬಲ್ ಕೂಡ ಡಿಜಿಟಲ್ ಆಗಬೇಕೆಂಬ ಗಡುವು ಬಂದಾಗ ಕೇಬಲ್‌ನಲ್ಲೇ ಉಳಿದವರಿಗೂ ಬಾಕ್ಸ್ ಅನಿವಾರ್ಯವಾಯಿತು; ಹೇಗೂ ಬಾಕ್ಸ್ ಕೊಳ್ಳಬೇಕಾದರೆ ಡಿಶ್ಶೇ ಇರಲಿ ಎಂದವರು ಬಹಳ. 2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಲ್ಲಿ ಮೊದಲ ನೂರು ಚಾನೆಲ್ಲುಗಳ ಸಾಗಣೆಗೆ ತೆರಿಗೆ ಬಿಟ್ಟು 130 ರೂಪಾಯಿಯ ಮಿತಿ ಬಂತು, ಅದರ ಮೇಲೆ ಬೇಕಾದ ಚಾನೆಲ್ಲನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕೂ ಬಂತು. ಆರಿಸಲು ಕೂತವರಿಗೆ ಕಂಡದ್ದು ಒಂದು ವಿಚಿತ್ರ: ತಿರುಮಲ ದೇವಸ್ಥಾನದ ಎಸ್‌ವಿಬಿಸಿಯಂಥ ಭಕ್ತಿ ಚಾನೆಲ್ಲುಗಳಿಗೆ ಕಾಸಿಲ್ಲ, ಕ್ರಿಕೆಟ್ಟಿಗೂ ಧಾರಾವಾಹಿಗೂ ಉಂಟು. ಪೇಟೆಯ ಲೆಕ್ಕದಲ್ಲಿ ಬೆಲೆಯಿಲ್ಲದ ಸರಕಾಗಿ ನಿಂತವನು ದೇವರು.

ಕೇಬಲ್ ಬಿಡುವ ಮನೆ ಕಳೆದುಕೊಳ್ಳುವುದೇನು ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಕೇಬಲ್‌ನವರ ಕೋಣೆಗೂ ಸಿಗ್ನಲ್ ಬರುವುದು ಆಕಾಶದಿಂದಲೇ. ಅವರ ದೊಡ್ಡ ಛತ್ರಿ ಹಿಡಿದದ್ದು ತಂತಿಯಲ್ಲಿ ಮನೆಗೆ ಹರಿಯುತ್ತದೆ, ಅಷ್ಟೆ. ಆದರೆ ಆ ತಂತಿಯೊಳಗೆ ಆಕಾಶದಿಂದ ಬಾರದ ಒಂದು ಚಾನೆಲ್ ಕೂಡ ಇರುತ್ತದೆ. ಕರ್ನಾಟಕದ ಪಟ್ಟಣಗಳಲ್ಲಿ ಕೇಬಲ್‌ನವರು ತಮ್ಮದೇ ಸ್ಥಳೀಯ ಚಾನೆಲ್ ನಡೆಸುವುದು ಹಳೆಯ ರೂಢಿ. ಊರ ತೇರು, ಮಠದ ಪುರಾಣ, ಗಣಪತಿ ಬಿಡುವ ಮೆರವಣಿಗೆ, ಸಾಮೂಹಿಕ ಮದುವೆ ಅದರಲ್ಲಿ ಬರುತ್ತವೆ. ಇಡೀ ದೇಶಕ್ಕೆ ಒಂದೇ ಸಿಗ್ನಲ್ ಸುರಿಸುವ ಉಪಗ್ರಹದಲ್ಲಿ ಒಂದು ಪೇಟೆಯ ತೇರಿಗೆ ಜಾಗವಿಲ್ಲ. ಕೇಬಲ್ ಕಿತ್ತ ದಿನ ತಿರುಪತಿಯ ಸುಪ್ರಭಾತ ಇನ್ನಷ್ಟು ಸ್ಪಷ್ಟವಾಗುತ್ತದೆ, ಪಕ್ಕದ ಊರಿನ ತೇರು ಕಾಣದಾಗುತ್ತದೆ. ಇದು ಬರೀ ಸೌಕರ್ಯದ ಮಾತಲ್ಲ. ಕ್ಷೇತ್ರದೇವತೆ ಎಂಬ ಕಲ್ಪನೆ ನಿಂತಿರುವುದೇ ಒಂದು ನೆಲಕ್ಕೆ ಅಂಟಿದ ದೈವದ ಮೇಲೆ. ಸಿರಸಂಗಿಯ ಕಾಳಮ್ಮ, ಸವದತ್ತಿ ಗುಡ್ಡದ ಎಲ್ಲಮ್ಮ, ಬಾದಾಮಿಯ ಬನಶಂಕರಿ ಒಬ್ಬೊಬ್ಬರಿಗೂ ಒಂದೊಂದು ಸೀಮೆ, ಒಂದೊಂದು ತಿಥಿ, ನಡೆದುಕೊಳ್ಳುವ ಒಂದೊಂದು ಬಗೆ. ಉಪಗ್ರಹಕ್ಕೆ ಸೀಮೆಯಿಲ್ಲ. ಎಲ್ಲ ಮನೆಗೂ ಒಂದೇ ಗರ್ಭಗುಡಿ ಕಾಣಿಸತೊಡಗಿದಾಗ ಊರ ದೇವಿ ತನ್ನ ಊರಿನ ಮನೆಯಲ್ಲೇ ಹಿಂದಿನ ಸಾಲಿಗೆ ಸರಿಯುತ್ತಾಳೆ.

ಈಗ ಮೊದಲ ಪ್ರಶ್ನೆ. ಗುಡಿಯಲ್ಲಿ ಆರತಿ ಬೆಳಗುತ್ತಿರುವಾಗಲೇ ಪರದೆಯಲ್ಲಿ ಕಂಡರೆ ಅದು ಕಂಡಂತೆಯೇ? ನ್ಯಾಯದರ್ಶನದ ಪ್ರಕಾರ ಪ್ರತ್ಯಕ್ಷವೆಂದರೆ ಇಂದ್ರಿಯಕ್ಕೂ ವಸ್ತುವಿಗೂ ಸನ್ನಿಕರ್ಷವಾಗಿ ಹುಟ್ಟುವ ಜ್ಞಾನ. ಪರದೆಯ ಮುಂದೆ ಕೂತವನ ಕಣ್ಣಿಗೆ ಸನ್ನಿಕರ್ಷವಿರುವುದು ಗಾಜಿನೊಂದಿಗೆ, ದೇವಿಯೊಂದಿಗಲ್ಲ ಎಂದು ತಟ್ಟನೆ ಹೇಳಿಬಿಡಬಹುದು. ಆದರೆ ಭಾರತೀಯ ದಾರ್ಶನಿಕರು ಈ ತೊಡಕನ್ನು ಟಿ.ವಿ. ಹುಟ್ಟುವ ಮೊದಲೇ ಕನ್ನಡಿಯ ಉದಾಹರಣೆಯಲ್ಲಿ ಎದುರಿಸಿದ್ದಾರೆ. ಕನ್ನಡಿಯಲ್ಲಿ ಕಾಣುವುದು ಮುಖವೋ, ಮುಖದಂಥ ಇನ್ನೊಂದೋ? ಕಣ್ಣಿನ ಕಿರಣ ಕನ್ನಡಿಗೆ ತಾಗಿ ಹಿಂತಿರುಗಿ ಮುಖವನ್ನೇ ಹಿಡಿಯುತ್ತದೆ ಎಂಬುದು ಒಂದು ಉತ್ತರ. ಅದ್ವೈತದಲ್ಲಿ ವಿವರಣ ಪಂಥದವರು ಪ್ರತಿಬಿಂಬವು ಬಿಂಬಕ್ಕಿಂತ ಬೇರೆಯಲ್ಲ ಎಂದರು: ಕನ್ನಡಿಯಲ್ಲಿರುವುದು ಮುಖವೇ, ‘ಅಲ್ಲಿದೆ’ ಎಂಬುದಷ್ಟೇ ಭ್ರಮೆ. ಸುರೇಶ್ವರರ ಆಭಾಸವಾದ ಹಾಗೆ ಒಪ್ಪುವುದಿಲ್ಲ. ಕಾಣುವುದು ಬರೀ ತೋರಿಕೆ, ಅದಕ್ಕೆ ಮುಖದ ಸತ್ಯ ಇಲ್ಲ. ಜೀವ-ಬ್ರಹ್ಮರ ಸಂಬಂಧ ಬಿಡಿಸಲು ಹೂಡಿದ ಈ ವಾದಗಳು ಪರದೆಯ ದೇವರಿಗೂ ಹೊಂದುತ್ತವೆ. ವಿವರಣದವರ ಜಾಡಿನಲ್ಲಿ ಹೋದರೆ ನೇರ ಪ್ರಸಾರದಲ್ಲಿ ಕಂಡವಳು ದೇವಿಯೇ. ಆಭಾಸವಾದದ ಜಾಡಿನಲ್ಲಿ ಹೋದರೆ ಕಂಡದ್ದು ಬೆಳಕಿನ ಚುಕ್ಕೆಗಳು.

ಈ ಜಗಳದಲ್ಲಿ ಪೂಜಾಪದ್ಧತಿ ಯಾರ ಪಕ್ಷ ಎಂದು ನೋಡಿದರೆ ಉತ್ತರ ಅಷ್ಟೇನೂ ಮರೆಯಾಗಿಲ್ಲ. ನೀರು ತಾಗಿದರೆ ಕೆಡುವ ಮಣ್ಣಿನ, ಮರದ, ಬಣ್ಣದ ಮೂರ್ತಿಗಳಿಗೆ ಅಭಿಷೇಕ ಮಾಡುವುದು ಎದುರಿಗಿಟ್ಟ ಕನ್ನಡಿಗೆ. ಪುರಿಯಲ್ಲಿ ಜಗನ್ನಾಥನ ದಿನನಿತ್ಯದ ಸ್ನಾನ ಹೀಗೆ ಕನ್ನಡಿಯೊಳಗಿನ ಬಿಂಬಕ್ಕೇ ಸಲ್ಲುತ್ತದೆ. ಹೊಸ ವಿಗ್ರಹದ ಕಣ್ಣು ಬಿಡಿಸಿದಾಗ ಎದುರಿಗೆ ಮೊದಲು ಕನ್ನಡಿ ಹಿಡಿಯುವ ಪದ್ಧತಿಯೂ ಅನೇಕ ಕಡೆ ಇದೆ. ಪ್ರತಿಬಿಂಬಕ್ಕೆ ಮಾಡಿದ ಸೇವೆ ಬಿಂಬಕ್ಕೆ ಮುಟ್ಟುತ್ತದೆ ಎಂದು ಆಚರಣೆ ಒಪ್ಪಿಕೊಂಡಿರುವಾಗ, ಪ್ರತಿಬಿಂಬದಲ್ಲಿ ಕಂಡದ್ದು ಕಂಡಂತಲ್ಲ ಎಂದು ವಾದಿಸುವುದು ಕಷ್ಟ.

ಇದಕ್ಕೊಂದು ಆಕ್ಷೇಪ ಬರುತ್ತದೆ: ನೇರ ಪ್ರಸಾರ ನಿಜವಾಗಿ ನೇರವಲ್ಲ. ಸಮಭಾಜಕ ವೃತ್ತದ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಿಂತ ಉಪಗ್ರಹಕ್ಕೆ ಸಿಗ್ನಲ್ ಏರಿ ಇಳಿಯಲು ಕಾಲು ಸೆಕೆಂಡ್ ಹಿಡಿಯುತ್ತದೆ. ಚಿತ್ರವನ್ನು ಕುಗ್ಗಿಸಿ ಮತ್ತೆ ಬಿಡಿಸುವ ಕೆಲಸಕ್ಕೆ ಇನ್ನೂ ಕೆಲವು ಸೆಕೆಂಡ್. ಆರತಿ ಇಳಿದ ಮೇಲೆ ಮನೆಯಲ್ಲಿ ಏರುತ್ತಿರುತ್ತದೆ. ಹಾಗಾದರೆ ಅದೂ ಹಳೆಯ ಚಿತ್ರವೇ ಅಲ್ಲವೇ? ಈ ಆಕ್ಷೇಪಕ್ಕೆ ಸಂಧ್ಯಾವಂದನೆಯೇ ಉತ್ತರ ಕೊಡುತ್ತದೆ. ಸೂರ್ಯನ ಬೆಳಕು ಭೂಮಿಗೆ ಬರಲು ಎಂಟು ನಿಮಿಷ ಬೇಕು. ಅರ್ಘ್ಯ ಬಿಡುವವನು ಕಾಣುವುದು ಎಂಟು ನಿಮಿಷ ಹಿಂದಿನ ಸೂರ್ಯನನ್ನು. ಅದನ್ನು ತಿಳಿದ ಮೇಲೂ ಅರ್ಘ್ಯ ಸೂರ್ಯನಿಗೆ ಸಲ್ಲಲಿಲ್ಲ ಎಂದು ಯಾವ ವೈದಿಕನೂ ಹೇಳಿಲ್ಲ. ತಡವಾಗುವುದು ನೋಟವನ್ನು ಕೆಡಿಸುವುದಾದರೆ ಗರ್ಭಗುಡಿಯ ಹೊಸ್ತಿಲಲ್ಲಿ ನಿಂತವನೂ ದೇವರನ್ನು ಕಂಡಿಲ್ಲ. ಬೆಳಕು ಅಲ್ಲಿಂದ ಬರಲೂ ಒಂದಿಷ್ಟು ಹೊತ್ತು, ಲೆಕ್ಕಕ್ಕೆ ಸಿಗದಷ್ಟು, ಬೇಕೇ ಬೇಕು. ದೂರವೂ ಅದರಿಂದಾಗುವ ತಡವೂ ದರ್ಶನಕ್ಕೆ ಅಡ್ಡಿಯಲ್ಲ ಎಂದಾಯಿತು. ಪ್ರಾಸಂಗಿಕವಾಗಿ ಹೇಳುವುದಾದರೆ, ಸಿರಸಂಗಿಯ ಮಾಳಿಗೆಯಿಂದ ಈ ಉಪಗ್ರಹಗಳು ಕಾಣುವ ದಿಕ್ಕು ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ. 93.5 ಡಿಗ್ರಿ ಪೂರ್ವದಲ್ಲಿರುವ ಫ್ರೀ ಡಿಶ್ ಉಪಗ್ರಹಕ್ಕಂತೂ ತಟ್ಟೆಯನ್ನು ಹೆಚ್ಚುಕಡಿಮೆ ನೆಟ್ಟಗೆ ಆಗ್ನೇಯಕ್ಕೇ ತಿರುಗಿಸಬೇಕು. ಈಶಾನ್ಯದಲ್ಲಿ ದೇವರ ಕೋಣೆ ಇಡಬೇಕೆನ್ನುವ ವಾಸ್ತುವನ್ನು ಇಲ್ಲಿ ಯಾರೂ ಕೇಳಿದಂತಿಲ್ಲ.

ರೆಕಾರ್ಡರಿನ ವಿಷಯ ಬೇರೆ. ಕನ್ನಡಿಯ ಮುಂದಿಂದ ಮುಖ ಸರಿದರೆ ಪ್ರತಿಬಿಂಬವೂ ಹೋಗುತ್ತದೆ. ಬಿಂಬವಿಲ್ಲದೆ ಪ್ರತಿಬಿಂಬ ನಿಲ್ಲದು ಎಂಬುದನ್ನು ಮೇಲಿನ ಮೂರೂ ವಾದದವರು ಒಪ್ಪುತ್ತಾರೆ. ಡಿಸ್ಕಿನಲ್ಲಿ ಮುದ್ರಿತವಾದದ್ದು ಮುಖ ಹೋದ ಮೇಲೂ ಉಳಿಯುತ್ತದೆ. ಆದ್ದರಿಂದ ಅದು ಪ್ರತಿಬಿಂಬದ ಜಾತಿಯದಲ್ಲ, ಚಿತ್ರದ ಜಾತಿಯದು. ಜ್ಞಾನದ ಬಗೆಗಳಲ್ಲಿ ಇದಕ್ಕೆ ಹತ್ತಿರದ ನಂಟು ಸ್ಮೃತಿ: ಹಿಂದೆ ಆದ ಅನುಭವದ ಸಂಸ್ಕಾರ ಉಳಿದು ಮತ್ತೆ ಎಚ್ಚರವಾಗುವುದು. ನೈಯಾಯಿಕರು ಸ್ಮೃತಿಯನ್ನು ಪ್ರಮಾಣದ ಸಾಲಿನಿಂದ ಹೊರಗಿಟ್ಟದ್ದು ಅದು ಸುಳ್ಳೆಂದು ಅಲ್ಲ. ಅದು ಹೊಸದಾಗಿ ಏನನ್ನೂ ಮುಟ್ಟುವುದಿಲ್ಲ, ಮುಟ್ಟಿದ್ದನ್ನು ಮತ್ತೆ ತೋರಿಸುತ್ತದೆ ಎಂದು. ಮುದ್ರಿಸಿಟ್ಟ ಆರತಿಗೂ ಇದೇ ಮಾತು ಸಲ್ಲುತ್ತದೆ. ಒಂದು ವ್ಯತ್ಯಾಸವಿದೆ: ಸ್ಮೃತಿ ಕಂಡವನದೇ ಆಗಿರುತ್ತದೆ, ಡಿಸ್ಕಿನಲ್ಲಿರುವುದು ಯಾರೂ ಕಾಣದಿರುವಾಗ ಪೆಟ್ಟಿಗೆ ತಾನೇ ಬರೆದುಕೊಂಡ ನೆನಪು. ತನ್ನದಲ್ಲದ ನೆನಪನ್ನು ಮೊದಲ ಬಾರಿಗೆ ನೋಡುವ ಈ ಸ್ಥಿತಿಗೆ ಹಳೆಯ ಶಾಸ್ತ್ರದಲ್ಲಿ ಸರಿಯಾದ ಹೆಸರಿಲ್ಲ.

ತಡವಾಗುವುದೇ ದೋಷವಲ್ಲ ಎಂದಾದ ಮೇಲೆ ಮುದ್ರಣದಲ್ಲಿ ಕೆಡುವುದೇನು? ಎಂಟು ನಿಮಿಷದ ತಡವನ್ನು ಒಪ್ಪಿದವರು ಎಂಟು ಗಂಟೆಯ ತಡವನ್ನು ಏಕೆ ಒಪ್ಪಬಾರದು? ಉತ್ತರ ಹೊತ್ತಿನ ಉದ್ದದಲ್ಲಿಲ್ಲ, ಹೊತ್ತು ಯಾರ ಕೈಯಲ್ಲಿದೆ ಎಂಬುದರಲ್ಲಿದೆ. ಸೂರ್ಯನ ಎಂಟು ನಿಮಿಷವನ್ನು ನೋಡುವವನು ಕುಗ್ಗಿಸಲಾರ, ಹಿಗ್ಗಿಸಲಾರ. ಉಪಗ್ರಹದ ಕೆಲವು ಸೆಕೆಂಡುಗಳೂ ಹಾಗೆಯೇ. ಆರತಿಯ ಹೊತ್ತನ್ನು ಗೊತ್ತುಮಾಡುವುದು ಗುಡಿ. ಭಕ್ತ ಅದಕ್ಕೆ ತಕ್ಕಂತೆ ಎದ್ದು, ಮಿಂದು, ಬಂದು ಕೂರುತ್ತಾನೆ. ರೆಕಾರ್ಡರ್ ಈ ಸಂಬಂಧವನ್ನು ತಿರುಗುಮುರುಗು ಮಾಡುತ್ತದೆ. ಊಟವಾದ ಮೇಲೆ ಗುಂಡಿ ಒತ್ತಿದರೆ ಆರತಿ ಶುರು, ಫೋನ್ ಬಂದರೆ ಜ್ವಾಲೆ ಅರ್ಧ ಸುತ್ತಿನಲ್ಲಿ ಸ್ತಬ್ಧ, ಬೇಸರವಾದರೆ ಮುಂದಕ್ಕೆ ಓಟ. ದರ್ಶನದಲ್ಲಿ ಕಾಯುವವನು ಭಕ್ತ, ಮುದ್ರಣದಲ್ಲಿ ಕಾಯುವವರು ದೇವರು. ಜಾತ್ರೆಯ ಬಿಸಿಲಲ್ಲಿ ಪಾಳಿ ಹಚ್ಚಿ ನಿಲ್ಲುವುದನ್ನು, ದೀಡ ನಮಸ್ಕಾರ ಹಾಕುತ್ತ ಸಾಗುವುದನ್ನು, ತೆರೆ ಸರಿಯುವವರೆಗೆ ಕತ್ತು ಚಾಚಿ ನಿಲ್ಲುವುದನ್ನು ಅಡಚಣೆ ಎಂದುಕೊಂಡವನಿಗೆ ರೆಕಾರ್ಡರ್ ದೊಡ್ಡ ಉಪಕಾರ. ಆದರೆ ಆ ಕಾಯುವಿಕೆ ದರ್ಶನದ ಹಾದಿಯಲ್ಲಿ ಬಿದ್ದ ಕಲ್ಲಲ್ಲ, ದರ್ಶನದ ಅರ್ಧ ಭಾಗ. ರಾಮಾಯಣದ ಭಾನುವಾರಗಳಲ್ಲಿ ಊದಿನಕಡ್ಡಿ ಹಚ್ಚಿದವರಿಗೆ ಇದು ಯಾರೂ ಹೇಳದೆ ಗೊತ್ತಿತ್ತು.

ಹಾಗೆಂದು ಚಿತ್ರಕ್ಕೆ ಪೂಜೆಯಲ್ಲಿ ಸ್ಥಾನವಿಲ್ಲ ಎಂದಲ್ಲ. ಭಾಗವತದ ಹನ್ನೊಂದನೆಯ ಸ್ಕಂಧ ಎಂಟು ಬಗೆಯ ಪ್ರತಿಮೆಗಳನ್ನು ಹೇಳುವಾಗ ಕಲ್ಲು, ಮರ, ಲೋಹಗಳ ಜೊತೆಗೆ ಬರೆದದ್ದನ್ನೂ ಮನಸ್ಸಿನಲ್ಲೇ ಕಲ್ಪಿಸಿಕೊಂಡದ್ದನ್ನೂ ಸೇರಿಸುತ್ತದೆ. ಶಿಲ್ಪಶಾಸ್ತ್ರದವರು ಸುತ್ತಲೂ ಕಡೆದದ್ದನ್ನು ಚಿತ್ರ, ಅರ್ಧ ಉಬ್ಬಿದ್ದನ್ನು ಅರ್ಧಚಿತ್ರ, ಬಣ್ಣದಲ್ಲಿ ಬರೆದದ್ದನ್ನು ಚಿತ್ರಾಭಾಸ ಎಂದು ಕರೆದು ಮೂರಕ್ಕೂ ಜಾಗ ಕೊಟ್ಟಿದ್ದಾರೆ. 1894ರಲ್ಲಿ ರವಿವರ್ಮರ ಮುದ್ರಣಾಲಯ ಮುಂಬಯಿಯಲ್ಲಿ ಶುರುವಾದ ಮೇಲೆ ಅಚ್ಚಿನ ಲಕ್ಷ್ಮೀ ಸರಸ್ವತಿಯರು ಬಡವರ ಗೋಡೆಗೂ ಬಂದರು; ಆ ಫೋಟೋಗಳಿಗೆ ಕುಂಕುಮ ಹಚ್ಚುವುದನ್ನು ಇಂದು ಯಾರೂ ಪ್ರಶ್ನಿಸುವುದಿಲ್ಲ. ಸಿರಸಂಗಿಯ ದೇವಿಗೆ ನಡೆದುಕೊಳ್ಳುವ ವಿಶ್ವಕರ್ಮರಿಗೆ ಈ ಭೇದ ಕಸುಬಿನೊಳಗಿನ ತಿಳುವಳಿಕೆ. ಕಲ್ಲನ್ನು ಮೂರ್ತಿಯಾಗಿಸುವುದು ಶಿಲ್ಪಿಯ ಉಳಿ, ಮೂರ್ತಿಯನ್ನು ದೇವರಾಗಿಸುವುದು ಚಿನ್ನದ ಸೂಜಿಯಿಂದ ಕಣ್ಣು ಬಿಡಿಸುವ ಸಂಸ್ಕಾರ ಮತ್ತು ಪ್ರಾಣಪ್ರತಿಷ್ಠೆ. ಕಣ್ಣು ಬಿಡಿಸುವ ಮುನ್ನ ಅದು ಕೆಲಸದ ಕಲ್ಲು, ಅದರ ಮೇಲೆ ಕಾಲಿಟ್ಟೂ ಕೆತ್ತಬಹುದು. ಗೋಡೆಯ ಫೋಟೋಕ್ಕೆ ಪ್ರಾಣಪ್ರತಿಷ್ಠೆ ಆಗಿರುವುದಿಲ್ಲ. ಪೂಜಿಸುವವಳು ದಿನದ ದೀಪ, ಹೂವುಗಳಿಂದ ಅಷ್ಟು ಹೊತ್ತಿಗೆ ದೇವರನ್ನು ಅಲ್ಲಿಗೆ ಕರೆದುಕೊಳ್ಳುತ್ತಾಳೆ. ಮುದ್ರಿಸಿಟ್ಟ ಮೂರ್ತಿಯ ಎದುರು ಅದೇ ರೀತಿ ಕೂತು ದೀಪ ಹಚ್ಚಿದರೆ ಅದು ಫೋಟೋ ಪೂಜೆಗೆ ಸಮ, ಸಲ್ಲುತ್ತದೆ. ಆದರೆ ಅಲ್ಲಿ ಪೂಜೆ ಅವಳದು, ಪರದೆಯಲ್ಲಿ ನಡೆಯುತ್ತಿರುವ ಪೂಜೆ ಅಲ್ಲ.

ಈ ಕೊನೆಯ ಮಾತು ಸಂಕಲ್ಪದಿಂದ ಸ್ಪಷ್ಟವಾಗುತ್ತದೆ. ಯಾವ ಪೂಜೆಯೂ ಶುರುವಾಗುವುದು ಹೊತ್ತು ಮತ್ತು ನೆಲದ ಗುರುತು ಹೇಳಿ: ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಯಾವ ನದಿಯ ಯಾವ ದಂಡೆ. ಕರ್ಮ ಆ ವಿಳಾಸಕ್ಕೆ ಸೇರಿದ್ದು. ಅರ್ಚಕರು ಸಂಕಲ್ಪ ಮಾಡುವಾಗ ಮನೆಯಲ್ಲಿ ಕೂತವರು ಪರದೆಯ ಮೂಲಕ ಅದಕ್ಕೆ ಮನಸ್ಸು ಜೋಡಿಸಬಹುದು. ತಿಥಿ ಇಬ್ಬರಿಗೂ ಒಂದೇ. ಮುಗಿದುಹೋದ ಸಂಕಲ್ಪಕ್ಕೆ ಮರುದಿನ ಜೊತೆಯಾಗಲು ಬರುವುದಿಲ್ಲ. ಅಮಾವಾಸ್ಯೆಯ ಪೂಜೆಯನ್ನು ಪಾಡ್ಯದಲ್ಲಿ ಹಾಕಿ ನೋಡಿದರೆ ಅಮಾವಾಸ್ಯೆ ಬರುವುದಿಲ್ಲ.

2020ರಲ್ಲಿ ಈ ವಿಷಯ ಪುಸ್ತಕದಿಂದ ಇಳಿದು ಮನೆಗಳಿಗೆ ಬಂತು. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ದೇಶದ ಲಾಕ್‌ಡೌನ್ ಶುರುವಾದ ದಿನಕ್ಕೇ. ಯುಗಾದಿಯೇ ಜಾತ್ರೆಯಾಗಿರುವ ಕ್ಷೇತ್ರಗಳ ಭಕ್ತರಿಗೆ ವರ್ಷಕ್ಕೊಮ್ಮೆ ಬರುವ ಆ ದಿನವೇ ಬಾಗಿಲು ಮುಚ್ಚಿತ್ತು. ಗುಡಿಗಳ ಒಳಗೆ ನಿತ್ಯಪೂಜೆ ನಿಲ್ಲಲಿಲ್ಲ. ನಿಂತದ್ದು ಜನ ಬರುವುದು. ಮೂರು ದಿನ ಬಿಟ್ಟು, ಮಾರ್ಚ್ 28ರಿಂದ, ದೂರದರ್ಶನ ಹಳೆಯ ರಾಮಾಯಣವನ್ನೇ ಮತ್ತೆ ಹಾಕಿತು. ಇಡೀ ದೇಶಕ್ಕೆ ಒಂದು ಮುದ್ರಿಕೆಯನ್ನು ಮರಳಿ ಓಡಿಸಿದಂತಾಯಿತು, ಜನ ಮುಗಿಬಿದ್ದು ನೋಡಿದರು. ಕರ್ನಾಟಕದಲ್ಲಿ ಗುಡಿಗಳ ಬಾಗಿಲು ಭಕ್ತರಿಗೆ ತೆರೆದದ್ದು ಜೂನ್ 8ಕ್ಕೆ. ಅಷ್ಟರೊಳಗೆ ದೂರದಿಂದಲೇ ಸೇವೆ ಸಲ್ಲಿಸುವ, ಪೂಜೆಯನ್ನು ಫೋನಿನಲ್ಲಿ ಕಾಣುವ ರೂಢಿ ಹಬ್ಬಿತ್ತು. ಬಾಗಿಲು ತೆರೆದ ಮೇಲೆ ಅದೇ ಜನ ಮತ್ತೆ ಪಾಳಿ ಹಚ್ಚಿದರು. ಪರದೆ ದರ್ಶನವನ್ನು ನುಂಗಿಹಾಕುತ್ತದೆ ಎಂಬ ಭಯವೂ, ಅದು ದರ್ಶನಕ್ಕೆ ಸಾಕು ಎಂಬ ಭರವಸೆಯೂ ಎರಡೂ ಹುಸಿಯಾದವು.

ಬೇರೆ ಧರ್ಮಗಳು ಈ ಗೆರೆಯನ್ನು ಇನ್ನೂ ಗಟ್ಟಿಯಾಗಿ ಎಳೆದಿವೆ. ಟಿ.ವಿ.ಯಲ್ಲಿ ಕಾಣುವ ಇಮಾಮರ ಹಿಂದೆ ಮನೆಯಲ್ಲಿ ನಿಂತು ಮಾಡಿದ ನಮಾಜು ಜಮಾತಿನ ನಮಾಜಾಗದು ಎಂಬುದು ಬಹುಪಾಲು ಇಸ್ಲಾಮೀ ಶಾಸ್ತ್ರಜ್ಞರ ಮತ. ಸಾಲು ಒಂದಕ್ಕೊಂದು ಕೂಡಿರಬೇಕು, ಅಲೆಗಳಲ್ಲಿ ಕೂಡುವುದು ಕೂಡಿದಂತಲ್ಲ. ಕ್ಯಾಥೊಲಿಕ್ ಚರ್ಚ್ ನಡುದಾರಿ ಹಿಡಿದಿದೆ. ಪೋಪರ ‘ಉರ್ಬಿ ಎತ್ ಓರ್ಬಿ’ ಆಶೀರ್ವಾದದ ಫಲ ರೇಡಿಯೋ, ಟಿ.ವಿ.ಯಲ್ಲಿ ಭಕ್ತಿಯಿಂದ ಕೇಳಿದವರಿಗೂ ಸಲ್ಲುತ್ತದೆಂದು 1985ರಲ್ಲಿ ವಿಧಿಸಲಾಯಿತು, ಆದರೆ ಅದು ನಡೆಯುತ್ತಿರುವ ಹೊತ್ತಿಗೇ ಕೇಳಬೇಕು. ಟೆಲಿವಿಷನ್ನಿಗೆ ಪಾಲಕ ಸಂತರಾಗಿ 1958ರಲ್ಲಿ ಪೋಪ್ 12ನೆಯ ಪಯಸ್ ಗೊತ್ತುಮಾಡಿದ್ದು ಅಸ್ಸಿಸಿಯ ಸಂತ ಕ್ಲಾರಾಳನ್ನು. 1252ರ ಕ್ರಿಸ್‌ಮಸ್ ರಾತ್ರಿ ಕಾಯಿಲೆಯಿಂದ ಮಲಗಿದ್ದ ಅವಳಿಗೆ ದೂರದ ಚರ್ಚಿನ ಪೂಜೆ ಅಲ್ಲಿದ್ದಂತೆಯೇ ಕಂಡಿತೆಂಬುದು ಐತಿಹ್ಯ. ಆ ಕಥೆಯಲ್ಲೂ ಎರಡು ಸಂಗತಿ ಗಮನಿಸಬೇಕು: ಅವಳು ಏಳಲಾರದವಳು, ಕಂಡದ್ದು ಅದೇ ಹೊತ್ತಿನಲ್ಲಿ.

ಕಾಲದ ಮೇಲೆ ಇಷ್ಟು ಭಾರ ಹಾಕುವ ವಾದಕ್ಕೆ ಪ್ರಸಾದ ಒಂದು ಸವಾಲು. ಜಾತ್ರೆಗೆ ಹೋದವರು ತಂದ ಪ್ರಸಾದ, ಎಲ್ಲಮ್ಮನ ಭಂಡಾರ, ನಾಲ್ಕಾರು ದಿನ ಕಳೆದು ಕೈಗೆ ಬಂದರೂ ಪ್ರಸಾದವೇ, ಭಂಡಾರವೇ. ಬರಲಾರದವರು ಪಕ್ಕದ ಮನೆಯವರ ಕೈಯಲ್ಲಿ ಹಣ್ಣುಕಾಯಿ, ಉಡಿಯ ಸಾಮಾನು ಕೊಟ್ಟು ಕಳಿಸುತ್ತಾರೆ, ಅವರ ಹೆಸರಿನಲ್ಲಿ ದೇವಿಗೆ ಉಡಿ ತುಂಬುತ್ತಾರೆ, ಹರಕೆ ಮುಟ್ಟುತ್ತದೆ. ತಡವಾದದ್ದು, ಇನ್ನೊಬ್ಬರ ಕೈ ಹಾದದ್ದು ಇಲ್ಲಿ ಅಡ್ಡಿಯಾಗಲಿಲ್ಲವಲ್ಲ? ಆಗಲಿಲ್ಲ, ಏಕೆಂದರೆ ಇಲ್ಲಿ ಮುಟ್ಟಿದ್ದು ಮುಟ್ಟುತ್ತ ಬಂದಿದೆ. ದೇವಿಯ ಪಾದ ತಾಗಿದ ಕುಂಕುಮ ಅರ್ಚಕರ ಕೈಯಿಂದ ನೆರೆಯವಳ ಕೈಗೆ, ಅವಳ ಕೈಯಿಂದ ಹಾಸಿಗೆ ಹಿಡಿದ ಮುದುಕಿಯ ಹಣೆಗೆ ಬರುವಾಗ ಎಲ್ಲೂ ಎಳೆ ಕಡಿದಿಲ್ಲ. ಡಿಸ್ಕಿನಲ್ಲಿ ಇಳಿದದ್ದು ಬೆಳಕಿನ ಲೆಕ್ಕ, ಅಂಕಿಗಳ ಸಾಲು. ಅದರಲ್ಲಿ ಗುಡಿಯನ್ನು ಮುಟ್ಟಿ ಬಂದದ್ದು ಏನೂ ಇಲ್ಲ. ಈ ಕಾರಣಕ್ಕೇ ಉತ್ತರ ಕರ್ನಾಟಕದ ದೇವಿ ಕ್ಷೇತ್ರಗಳಲ್ಲಿ ನಡೆದುಕೊಳ್ಳುವ ಕ್ರಮಕ್ಕೆ ಪರದೆ ಹೆಚ್ಚೇನೂ ತೊಂದರೆ ಮಾಡಿಲ್ಲ. ಅಲ್ಲಿ ನೋಡುವುದು ಒಂದು ಪಾಲು. ಉಡಿ ತುಂಬುವುದು, ಎಡೆ ಹಿಡಿಯುವುದು, ಹೊರಳುವುದು, ಹಚ್ಚಿಕೊಳ್ಳುವುದು, ಉಣ್ಣುವುದು ಉಳಿದ ಪಾಲು.

ಇಷ್ಟರವರೆಗೆ ಹೇಳಿದ್ದೆಲ್ಲ ಕಾಣುವುದರ ಬಗ್ಗೆ. ಕೇಳುವುದಕ್ಕೆ ಬಂದರೆ ತೀರ್ಪು ಬೇರೆಯಾಗುತ್ತದೆ, ಇಲ್ಲಿ ರೆಕಾರ್ಡರಿಗೆ ದೊಡ್ಡ ಸಾಕ್ಷಿ ಮಹಾಭಾರತವೇ. ಸಂಜಯನನ್ನು ಮೊದಲ ನೇರ ಪ್ರಸಾರದವನೆಂದು ತಮಾಷೆಗೆ ಹೇಳುವುದು ವಾಡಿಕೆ: ಕುರುಕ್ಷೇತ್ರದಲ್ಲಿ ಆಗುತ್ತಿದ್ದುದನ್ನು ಅರಮನೆಯಲ್ಲಿ ಕೂತು ಆಗಿಂದಾಗ್ಗೆ ಧೃತರಾಷ್ಟ್ರನಿಗೆ ಹೇಳುತ್ತಿದ್ದನಂತೆ. ಭೀಷ್ಮಪರ್ವದಲ್ಲಿ ಇರುವುದು ಹಾಗಲ್ಲ. ಹತ್ತನೆಯ ದಿನ ಭೀಷ್ಮ ಬಿದ್ದ ಮೇಲೆ ಸಂಜಯ ರಣಭೂಮಿಯಿಂದ ಧಾವಿಸಿ ಬಂದು ಮೊದಲು ಆ ಸುದ್ದಿ ಹೇಳುತ್ತಾನೆ. ಎದೆಯೊಡೆದ ಧೃತರಾಷ್ಟ್ರ ಎಲ್ಲವನ್ನೂ ಮೊದಲಿನಿಂದ ಹೇಳು ಎಂದು ಕೇಳಿದಾಗ ಸಂಜಯ ಹಿಂದಕ್ಕೆ ಹೋಗಿ ಮೊದಲ ದಿನದ ಕಥೆ ತೆಗೆಯುತ್ತಾನೆ. ಭಗವದ್ಗೀತೆ ಬರುವುದು ಆ ಹಿಂದಿನ ಕಥೆಯೊಳಗೆ. ಎಂದರೆ ಕೃಷ್ಣ ಅರ್ಜುನನಿಗೆ ಹೇಳಿದ ಮಾತು ಅರಮನೆಗೆ ಮುಟ್ಟಿದ್ದು ಹತ್ತು ದಿನ ತಡವಾಗಿ, ಮುದ್ರಿಸಿಟ್ಟದ್ದನ್ನು ಬಿಚ್ಚಿದಂತೆ. ಲೋಕಕ್ಕೆ ದಕ್ಕಿದ್ದೂ ಆ ಮುದ್ರಿಕೆಯೇ. ತಡವಾಯಿತೆಂದು ಅದರ ಬೆಲೆ ಇಳಿಯಲಿಲ್ಲ. ಧೃತರಾಷ್ಟ್ರನ ಮೇಲೆ ಅದು ಫಲಿಸದಿದ್ದುದಕ್ಕೆ ಕಾರಣ ಬೇರೆ. ವ್ಯಾಸರು ದಿವ್ಯದೃಷ್ಟಿ ಕೊಡಬಂದಾಗ ಮಕ್ಕಳು ಸಾಯುವುದನ್ನು ನೋಡಲಾರೆ, ಕೇಳುತ್ತೇನೆ ಎಂದವನು ಅವನು. ನೋಡುವುದಕ್ಕೆ ಅಂಜಿದವನೂ ಕೇಳಬಲ್ಲ. ಶ್ರವಣಕ್ಕೆ ಹೊತ್ತಿನ ಹಂಗು ಅಷ್ಟಿಲ್ಲ.

ಬೆಳಗಾವಿ, ವಿಜಯಪುರ, ಧಾರವಾಡ ಸೀಮೆಯಲ್ಲಿ ಪ್ರವಚನ ಕೇಳುವುದು ಗಟ್ಟಿಯಾದ ಸಂಸ್ಕೃತಿ. ಶ್ರಾವಣ ಬಂದರೆ ಮಠಗಳಲ್ಲಿ ತಿಂಗಳಿಡೀ ಪುರಾಣ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಮಾತನ್ನು ನಸುಕಿನ ಚಳಿಯಲ್ಲಿ ಕೂತು ಕೇಳಿದವರೂ, ಟಿ.ವಿ.ಯಲ್ಲಿ, ಫೋನಿನಲ್ಲಿ ಕೇಳಿದವರೂ ಲೆಕ್ಕವಿಲ್ಲ. 2023ರ ಜನವರಿ 2ರಂದು ಅವರು ದೇಹಬಿಟ್ಟಾಗ, ಮೊದಲೇ ಬರೆದಿಟ್ಟಿದ್ದ ಅವರ ಅಂತಿಮ ಪತ್ರದಂತೆ ದೇಹವನ್ನು ಹೂಳದೆ ಸುಡಲಾಯಿತು. ಸ್ಮಾರಕ ಕಟ್ಟಬಾರದೆಂಬುದೂ ಆ ಪತ್ರದಲ್ಲಿತ್ತು. ಗದ್ದುಗೆ ಬೇಡವೆಂದವರು ಉಳಿದದ್ದು ಧ್ವನಿಯಾಗಿ. ಆ ಮುದ್ರಿಕೆಗಳನ್ನು ಇಂದು ಕೇಳುವವನು ಕಳೆದುಕೊಳ್ಳುವುದು ಅವರೆದುರು ಕೂತ ಜನಸ್ತೋಮದ ಮೌನವನ್ನು, ಅರ್ಥವನ್ನಲ್ಲ. ಒಮ್ಮೆ ಕೇಳಿ ಹಿಡಿಯದಿದ್ದುದನ್ನು ತಡೆದು, ಹಿಂದಕ್ಕೆ ಹೋಗಿ, ಮತ್ತೆ ಕೇಳಬಹುದು. ಆರತಿಯಲ್ಲಿ ಅಪಚಾರವಾಗುವ ಅದೇ ಗುಂಡಿ ಇಲ್ಲಿ ಮನನಕ್ಕೆ ಸಾಧನ. ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಮೆಟ್ಟಿಲುಗಳಲ್ಲಿ ಎರಡನೆಯದಕ್ಕೆ ಇಷ್ಟು ಅನುಕೂಲವಾದ ಯಂತ್ರ ಹಿಂದೆ ಇರಲಿಲ್ಲ.

ಕೇಳುವುದೆಲ್ಲ ಮುಂದೂಡಲು ಬರುವಂಥದ್ದೂ ಅಲ್ಲ. ಯುಗಾದಿಯ ಪಂಚಾಂಗ ಶ್ರವಣ ಅದಕ್ಕೆ ಉದಾಹರಣೆ. ಮಳೆ ಎಷ್ಟು, ಬೆಳೆ ಎಷ್ಟು ಎಂಬ ಸುದ್ದಿ ಮರುದಿನವೂ ಸಿಗುತ್ತದೆ, ಆದರೆ ಅದನ್ನು ವರ್ಷದ ಮೊದಲ ದಿನ ಊರವರ ನಡುವೆ ಕೂತು ಕೇಳುವುದಕ್ಕೇ ಫಲ ಹೇಳಿದೆ.

ಶರಣರ ದೃಷ್ಟಿಯಿಂದ ಈ ಇಡೀ ಚರ್ಚೆಗೆ ತಳವೇ ಇಲ್ಲ. ದೇಹವೇ ದೇಗುಲವಾದವನಿಗೆ, ಇಷ್ಟಲಿಂಗ ಎಡ ಅಂಗೈಯಲ್ಲಿರುವವನಿಗೆ, ದೂರದ ಗರ್ಭಗುಡಿಯನ್ನು ಪರದೆಯ ಮೇಲೆ ತರಿಸಿಕೊಳ್ಳುವ ಅಗತ್ಯವೇನು? ಸಿರಸಂಗಿ ಕಾಳಮ್ಮನ ಊರಾದಂತೆ ಲಿಂಗಾಯತ ದೇಸಗತಿಯ ಊರೂ ಹೌದು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾದವರು ಇಲ್ಲಿಯ ದೇಸಾಯಿ ಲಿಂಗರಾಜರು (1861–1906). ಅವರು ತಮ್ಮ ಆಸ್ತಿಯನ್ನು ಬರೆದಿಟ್ಟದ್ದು ಮಕ್ಕಳ ಓದಿಗೆ. ಈ ಪರಂಪರೆಯಲ್ಲಿ ಲಿಂಗವನ್ನು ನಿಟ್ಟಿಸುವ ನೋಟಕ್ಕೆ ಮಧ್ಯವರ್ತಿಯಿಲ್ಲ, ಪ್ರತಿಬಿಂಬವೂ ಇಲ್ಲ. ತಿರುಪತಿಯ ನೇರ ಪ್ರಸಾರವೂ ಮುದ್ರಿಸಿದ್ದೂ ಇಲ್ಲಿ ಒಂದೇ ತೂಕ. ಆದರೆ ವಚನ ಕೇಳುವುದು, ಅನುಭಾವದ ಮಾತು ಕೇಳುವುದು ಈ ಪಂಥದಲ್ಲಿ ಬಹಳ ದೊಡ್ಡದು, ಹಾಗಾಗಿ ರೆಕಾರ್ಡರಿಗೆ ಇಲ್ಲಿ ಸಿಗುವ ಮನ್ನಣೆ ಗುಡಿಯ ಧರ್ಮದಲ್ಲಿ ಸಿಗುವುದಕ್ಕಿಂತ ಹೆಚ್ಚು.

ಇಷ್ಟನ್ನು ಇಟ್ಟುಕೊಂಡು ಆಯ್ಕೆಗೆ ಬಂದರೆ ದಾರಿ ಅಷ್ಟು ಗೋಜಲಲ್ಲ. ಸೀಮೆಯ ತೇರು, ಉತ್ಸವಗಳನ್ನು ಕಾಣುವುದೇ ಮುಖ್ಯವಾದ ಮನೆಗೆ, ಅವನ್ನು ತೋರಿಸುವ ಸ್ಥಳೀಯ ಚಾನೆಲ್ ಕೇಬಲ್‌ನಲ್ಲಿದ್ದರೆ, ಕೇಬಲ್ ಬಿಡದಿರುವುದೇ ಲೇಸು. ಹೊಲದ ಮನೆಯಂಥ, ತಂತಿ ಎಳೆಯಲಾಗದ ಜಾಗದಲ್ಲಿ ಏಳಲಾರದ ಹಿರಿಯರಿಗೆ ದಿನದ ದರ್ಶನ ಬೇಕಿದ್ದರೆ ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್ಶನ್ನು ಮೊದಲು ವಿಚಾರಿಸಬೇಕು. ಅದರಲ್ಲಿ ಬೇಕಾದ ಚಾನೆಲ್ ಉಂಟೋ ಇಲ್ಲವೋ ನೋಡಿಯೇ ತಟ್ಟೆ ಕೊಳ್ಳಬೇಕು. ಅಲ್ಲಿಯ ಪಟ್ಟಿ ಆಗಾಗ ಬದಲಾಗುತ್ತದೆ. ರೆಕಾರ್ಡರಿಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕವಾಗುವುದು ಪ್ರವಚನ, ಕೀರ್ತನೆ, ಹರಿಕಥೆ ಕೇಳುವವರಿಗೆ. ಅಲ್ಲೂ ಒಂದು ಎಚ್ಚರ: ಕಂಪನಿಗಳ ಬಾಕ್ಸಿನಲ್ಲಿ ಮುದ್ರಿಸಿದ್ದು ಸಾಮಾನ್ಯವಾಗಿ ಆ ಬಾಕ್ಸಿನಲ್ಲೇ, ರಿಚಾರ್ಜ್ ಇರುವವರೆಗೇ ತೆರೆಯುವಂತೆ ಬೀಗ ಹಾಕಿರುತ್ತಾರೆ. ಸೇವೆ ಬದಲಿಸಿದ ದಿನ ಸಂಗ್ರಹವೆಲ್ಲ ಹೋದಂತೆಯೇ. ಫ್ರೀ ಡಿಶ್‌ನ ಅಗ್ಗದ ಅನೇಕ ಬಾಕ್ಸುಗಳಲ್ಲಿ ಪೆನ್ ಡ್ರೈವಿಗೆ ಇಳಿಸಿಕೊಳ್ಳಬಹುದು. ಮುಂಗಾರಿನ ಜೋರು ಮಳೆಯಲ್ಲಿ ತಟ್ಟೆಗೆ ಸಿಗ್ನಲ್ ತಪ್ಪುವುದನ್ನು ಯಾವ ಕಂಪನಿಯೂ ನಿಲ್ಲಿಸಲಾರದು. ಮಳೆಯ ಹನಿಗಳು ಆ ಅಲೆಗಳನ್ನು ಹೀರಿ ಚದುರಿಸುತ್ತವೆ. ಶ್ರಾವಣದ ಪುರಾಣವನ್ನು ಮುದ್ರಿಸುವವರು ನಡುನಡುವೆ ಖಾಲಿ ಬಿಟ್ಟುಹೋಗುವುದಕ್ಕೆ ಸಿದ್ಧವಾಗಿರಬೇಕು.

ಡಿಸ್ಕ್ ತುಂಬಿದಾಗ ದೇವರಿರುವ ಮುದ್ರಿಕೆಯನ್ನು ಅಳಿಸಬಹುದೇ ಎಂಬ ಅಳುಕು ಕೆಲವರಿಗೆ ಬರುತ್ತದೆ. ಮುಕ್ಕಾದ ಮೂರ್ತಿಯನ್ನು ವಿಸರ್ಜಿಸಲು ವಿಧಿ ಬೇಕು, ಏಕೆಂದರೆ ಅದರಲ್ಲಿ ಪ್ರತಿಷ್ಠೆಯಾಗಿತ್ತು. ಹರಿದ ದೇವರ ಫೋಟೋವನ್ನು ತಿಪ್ಪೆಗೆಸೆಯದೆ ಮರದ ಬುಡದಲ್ಲಿಡುವುದು ಗೌರವದ ರೂಢಿ. ಮುದ್ರಿಕೆಯಲ್ಲಿ ಪ್ರತಿಷ್ಠೆ ಆಗಿಲ್ಲ, ಆವಾಹನೆ ಆಗಿಲ್ಲ, ಯಾರ ಕಾಲಿಗೂ ಸಿಗುವ ವಸ್ತುವೂ ಉಳಿಯುವುದಿಲ್ಲ. ಅದರ ಎದುರು ದಿನವೂ ದೀಪ ಹಚ್ಚಿಕೊಂಡು ಬಂದವರಿದ್ದರೆ ಮಾತ್ರ, ಅಳಿಸುವ ಮುನ್ನ ಅವರನ್ನೊಮ್ಮೆ ಕೇಳಬೇಕಾಗುತ್ತದೆ.